ಲ್ಯಾಪ್‌ಟಾಪ್ ಸೆಲ್ ಜೋಡಿಸಿ ಬೈಕಿನ ಸೆಲ್ಫ್ ಹೊಡೆಯಬಹುದೇ?

ಪ್ರಶ್ನೆ: ನನ್ನದು 2016ರ ಕ್ಲಾಸಿಕ್ 350, ಕಾರ್ಬ್ಯುರೇಟರ್ ಗಾಡಿ. ವಾರಕ್ಕೆ ಒಂದೆರಡು ದಿನ ಮಾತ್ರ ಓಡಿಸುತ್ತೇನೆ. 14 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಒಂದೂವರೆ ವರ್ಷಕ್ಕೊಮ್ಮೆ ಕೈಕೊಡುತ್ತಿದೆ, ಈಗಿನದು ಮೂರನೆಯದು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅನ್ನುತ್ತದೆ ಅಷ್ಟೆ. ಕಳ್ಳರ ಭಯಕ್ಕೆ ಜಿಪಿಎಸ್ ಟ್ರ್ಯಾಕರ್ ಕೂಡ ಹಾಕಿಸಿದ್ದೇನೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದ 24 ಸೆಲ್ (18650 ಅಳತೆಯ ಲಿಥಿಯಂ ಸೆಲ್) ನನ್ನ ಹತ್ತಿರ ಇವೆ. ಮೂರು ಸೀರೀಸ್ (ಒಂದರ ಹಿಂದೊಂದು), ಎಂಟು ಪ್ಯಾರಲಲ್ (ಪಕ್ಕಪಕ್ಕ) ಜೋಡಿಸಿ 40 ಆಂಪಿಯರಿನ ಬಿಎಂಎಸ್ (ಸೆಲ್ ಕಾಯುವ ರಕ್ಷಣಾ ಬೋರ್ಡು) ಹಾಕಿದರೆ 12 ವೋಲ್ಟ್, 16 ಎಎಚ್ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೇನೆ. ಸೋಲ್ಡರಿಂಗ್ ಐರನ್‌ನಲ್ಲೇ ಬೆಸುಗೆ ಹಾಕಬಹುದೇ? ಗ್ಯಾರೇಜಿನವರು "ಲಿಥಿಯಂ ಹಾಕಿದರೆ ವೈರಿಂಗ್ ಸುಟ್ಟುಹೋಗುತ್ತೆ, ಬಾಂಬ್ ತರಹ ಸಿಡಿಯುತ್ತೆ" ಅನ್ನುತ್ತಾರೆ. ಗಾಡಿ ಮನೆಯ ಜಗಲಿಗೆ ಒತ್ತಿಕೊಂಡೇ ನಿಲ್ಲುತ್ತದೆ. ಮಾಡಬಹುದೇ, ಬೇಡವೇ?
(ತಿಪಟೂರಿನ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಲಿಥಿಯಂ ಬ್ಯಾಟರಿ ಮನೆಯಲ್ಲಿ ಕಟ್ಟಬಹುದೇ ಅನ್ನುವುದು ಒಂದು. ನಿಮ್ಮ ಬ್ಯಾಟರಿಗಳು ಯಾಕೆ ಸಾಯುತ್ತಿವೆ ಅನ್ನುವುದು ಇನ್ನೊಂದು, ಅದನ್ನು ನೀವು ಕೇಳಿಲ್ಲ. ಮೊದಲನೆಯದಕ್ಕೆ ಉತ್ತರ: ಕಟ್ಟಬಹುದು, ಆದರೆ ನಿಮ್ಮ ಕೈಯಲ್ಲಿರುವ ಸೆಲ್‌ಗಳಿಂದ ಖಂಡಿತ ಬೇಡ. ಎರಡನೆಯದನ್ನು ಬಗೆಹರಿಸದೆ ಎಂಥ ಬ್ಯಾಟರಿ ಹಾಕಿದರೂ ಅದು ನಾಲ್ಕನೆಯ ಬಲಿಯಾಗುತ್ತದೆ. ಅದನ್ನು ಕೊನೆಗೆ ನೋಡೋಣ.

ಸೆಲ್ಫ್ ಮೋಟಾರಿಗೆ ಏನು ಬೇಕು ಅನ್ನುವುದರಿಂದ ಶುರು ಮಾಡುತ್ತೇನೆ. 350 ಸಿಸಿಯ ಒಂಟಿ ಸಿಲಿಂಡರ್ ಇಂಜಿನ್ನನ್ನು ತಿರುಗಿಸಲು ಸುಮಾರು 100 ಆಂಪಿಯರ್ ಬೇಕು ಅಂತ ಇಟ್ಟುಕೊಳ್ಳಿ. ಗುಂಡಿ ಒತ್ತಿದ ಮೊದಲ ಕ್ಷಣ, ಮೋಟಾರ್ ಇನ್ನೂ ತಿರುಗದೆ ನಿಂತಿರುವಾಗ, ಇದಕ್ಕಿಂತ ಹೆಚ್ಚೇ ಎಳೆಯುತ್ತದೆ. ಮೂರು ಸೆಕೆಂಡು ಹೊಡೆದರೆ 300 ಆಂಪಿಯರ್-ಸೆಕೆಂಡು. 3600ರಿಂದ ಭಾಗಿಸಿದರೆ 0.083 ಎಎಚ್. ಅಂದರೆ ಒಂದು ಸಲ ಸ್ಟಾರ್ಟ್ ಮಾಡಲು 14 ಎಎಚ್ ಬ್ಯಾಟರಿಯ ನೂರರಲ್ಲಿ ಒಂದು ಪಾಲೂ ಖರ್ಚಾಗುವುದಿಲ್ಲ. ಹಾಗಾಗಿ "ಎಷ್ಟು ಎಎಚ್" ಅನ್ನುವುದು ಇಲ್ಲಿ ಮುಖ್ಯ ಪ್ರಶ್ನೆಯೇ ಅಲ್ಲ. 100 ಆಂಪಿಯರ್ ಹರಿಯುವಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಅನ್ನುವುದೇ ಮುಖ್ಯ. ಅದನ್ನು ನಿರ್ಧರಿಸುವುದು ಸೆಲ್‌ನ ಒಳ ಪ್ರತಿರೋಧ, ಮಿಲಿಓಮ್‌ಗಳಲ್ಲಿ ಅಳೆಯುವುದು.

ಈ ಲೆಕ್ಕಕ್ಕೆ ನಿಮ್ಮ ಪ್ಯಾಕನ್ನು ಹಾಕಿ ನೋಡಿ. ಎಂಟು ಸೆಲ್ ಪ್ಯಾರಲಲ್ ಇದ್ದರೆ ಒಂದೊಂದರ ಪಾಲಿಗೆ 12.5 ಆಂಪಿಯರ್ ಬರುತ್ತದೆ. ಲ್ಯಾಪ್‌ಟಾಪ್ ಸೆಲ್ ಹುಟ್ಟಿರುವುದು ನಾಲ್ಕೈದು ಆಂಪಿಯರಿಗೆ. ಹಳತಾದ ಸೆಲ್‌ನ ಪ್ರತಿರೋಧ 80 ಮಿಲಿಓಮ್ ಇದ್ದರೆ ಪ್ರತಿ ಸೆಲ್‌ನಲ್ಲೂ ಒಂದು ವೋಲ್ಟ್ ಕುಸಿಯುತ್ತದೆ, ಮೂರು ಸೀರೀಸ್‌ಗೆ ಮೂರು ವೋಲ್ಟ್. ಪ್ಯಾಕ್ ಪೂರ್ತಿ ತುಂಬಿದ್ದರೂ ಮೋಟಾರಿಗೆ ಒಂಬತ್ತೂವರೆ ವೋಲ್ಟ್ ತಲುಪಿದರೆ ಹೆಚ್ಚು. ಅದಕ್ಕೂ ಮೊದಲೇ 40 ಆಂಪಿಯರಿನ ಬಿಎಂಎಸ್ ಇದನ್ನು ಶಾರ್ಟ್ ಸರ್ಕ್ಯೂಟ್ ಅಂತ ತಿಳಿದು ಲೈನ್ ಕಡಿದುಬಿಡುತ್ತದೆ. ಒತ್ತಿದರೆ ಕತ್ತಲೆ, ಅಷ್ಟೆ.

ಸ್ಟಾರ್ಟ್ ಆಗದಿರುವುದು ಸಣ್ಣ ತೊಂದರೆ. ದೊಡ್ಡದು ಚಾರ್ಜಿಂಗ್‌ನಲ್ಲಿದೆ. ಚಾರ್ಜಿಂಗ್ ವೋಲ್ಟೇಜನ್ನು ಹದ್ದಿನಲ್ಲಿಡುವ ಬೈಕಿನ ರೆಗ್ಯುಲೇಟರ್ ಸೀಸದ ಬ್ಯಾಟರಿಗೆಂದು ಮಾಡಿದ್ದು, ಗಾಡಿ ಓಡುವಾಗ 14.2ರಿಂದ 14.5 ವೋಲ್ಟ್ ಕೊಡುತ್ತಿರುತ್ತದೆ. 14.4ನ್ನು ಮೂರು ಸೆಲ್‌ಗೆ ಹಂಚಿದರೆ ಒಂದೊಂದಕ್ಕೆ 4.8 ವೋಲ್ಟ್. ಲ್ಯಾಪ್‌ಟಾಪ್ ಸೆಲ್‌ನ ಮಿತಿ 4.2. ಈ ಮಿತಿ ದಾಟಿದಾಗ ಧನ ಧ್ರುವದ ಆಕ್ಸೈಡ್ ಅಸ್ಥಿರವಾಗಿ ಆಕ್ಸಿಜನ್ ಬಿಡಲು ಶುರುಮಾಡುತ್ತದೆ, ಋಣ ಧ್ರುವದ ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ. ಒಳಗೇ ಆಕ್ಸಿಜನ್, ಒಳಗೇ ಉರಿಯುವ ದ್ರಾವಕ. ಹೊರಗಿನ ಗಾಳಿಯ ಹಂಗೇ ಇಲ್ಲದೆ ಹೊತ್ತಿಕೊಳ್ಳುವುದು ಹೀಗೆ. ನಿಮ್ಮ ಗ್ಯಾರೇಜಿನವರ "ಬಾಂಬ್" ಮಾತು ಈ ಜೋಡಣೆಗೆ ಅಕ್ಷರಶಃ ಸರಿ. "ಬಿಎಂಎಸ್ ತಡೆಯುತ್ತದಲ್ಲ" ಎನ್ನಬಹುದು. ತಡೆಯುತ್ತದೆ, ಪ್ರತಿ ಸವಾರಿಯಲ್ಲೂ ತಡೆಯುತ್ತಲೇ ಇರಬೇಕಾಗುತ್ತದೆ. ಆ ಬೋರ್ಡಿನಲ್ಲಿ ಲೈನ್ ಕಡಿಯುವ ಸ್ವಿಚ್ಚಾದ ಮಾಸ್ಫೆಟ್ ಒಂದು ಶಾರ್ಟ್ ಆಗಿ ಕುಳಿತ ದಿನ ತಡೆಯುವವರು ಯಾರೂ ಇರುವುದಿಲ್ಲ. ರಕ್ಷಣಾ ಬೋರ್ಡು ಇರುವುದು ಅಪರೂಪದ ತಪ್ಪಿಗೆ. ದಿನನಿತ್ಯದ ಕೆಲಸವನ್ನು ಅದರ ತಲೆಗೆ ಕಟ್ಟಬಾರದು.

ಅದೇ ಸೆಲ್‌ಗಳನ್ನು ನಾಲ್ಕು ಸೀರೀಸ್ ಮಾಡಿದರೆ? 14.2 ವೋಲ್ಟಿಗೆ ಒಂದೊಂದಕ್ಕೆ 3.55 ವೋಲ್ಟ್ ಮಾತ್ರ ಸಿಗುತ್ತದೆ. ಉರಿಯುವ ಭಯ ಕಡಿಮೆಯಾಗುತ್ತದೆ, ಆದರೆ ಪ್ಯಾಕ್ ಯಾವಾಗಲೂ ಅರೆಹೊಟ್ಟೆಯಲ್ಲೇ ಇರುತ್ತದೆ. ಪ್ರಯೋಜನವಿಲ್ಲ.

ಬೈಕಿಗೆ ಸರಿಹೊಂದುವುದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿ ಭಾಷೆಯಲ್ಲಿ ಎಲ್ಎಫ್‌ಪಿ. ಸೆಲ್‌ಗೆ 3.2 ವೋಲ್ಟ್, ತುಂಬಿದಾಗ 3.65. ನಾಲ್ಕು ಸೀರೀಸ್ ಮಾಡಿದರೆ 14.6. ರೆಗ್ಯುಲೇಟರಿನ 14.4 ಅಂದರೆ ಸೆಲ್‌ಗೆ 3.6, ಬೇಕಾದ್ದೂ ಅಷ್ಟೇ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು 1997ರಲ್ಲಿ ತೋರಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡಿನಫ್ ಮತ್ತು ಅವರ ಜೊತೆಗಾರರಾದ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ. ಗುಡಿನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಉಳಿದ ಇಬ್ಬರ ಹೆಸರೂ ನಮ್ಮ ಜನರಿಗೆ ತಿಳಿದಿರಬೇಕು. ಫಾಸ್ಫೇಟಿನಲ್ಲಿ ಆಕ್ಸಿಜನ್ನನ್ನು ರಂಜಕ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಹಾಗಾಗಿ ತಪ್ಪಾದಾಗಲೂ ಇದು ಲ್ಯಾಪ್‌ಟಾಪ್ ಸೆಲ್‌ನಂತೆ ಭಗ್ಗನೆ ಉರಿಯುವುದು ಕಡಿಮೆ. "ಎಲ್ಎಫ್‌ಪಿಗೆ ಬೆಂಕಿಯೇ ಹಿಡಿಯುವುದಿಲ್ಲ" ಅನ್ನುವ ಮಾತು ಮಾತ್ರ ಸುಳ್ಳು. ಒಳಗಿನ ದ್ರಾವಕ ಇದರಲ್ಲೂ ಉರಿಯುವಂಥದ್ದೇ. ಸೆಲ್ ಕಾದು ಬಾಯಿಬಿಟ್ಟರೆ ಬರುವ ಹೊಗೆ ವಿಷ.

ಇನ್ನು ಎಂಥ ಎಲ್ಎಫ್‌ಪಿ ಸೆಲ್? ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಮೊದಲು ಕೈಗೆ ಬರುವುದು 32700 ಅಳತೆಯ 6 ಎಎಚ್ ಸೆಲ್, ಸೋಲಾರ್ ಬೀದಿದೀಪಗಳಿಗೆ ಹಾಕುವಂಥದ್ದು. ಅದು ನಿಧಾನವಾಗಿ, ಬಹಳ ಹೊತ್ತು ಕರೆಂಟು ಕೊಡುವ ಸೆಲ್. ಅದರ ಪ್ರತಿರೋಧ ಲೋಡಿನಲ್ಲಿ 15 ಮಿಲಿಓಮ್ ಬಂತೆನ್ನಿ. ನಾಲ್ಕಕ್ಕೆ 60, ಆಗ 100 ಆಂಪಿಯರಿಗೆ 6 ವೋಲ್ಟ್ ಕುಸಿತ. 13.2ರಿಂದ 7.2ಕ್ಕೆ ಇಳಿದರೆ ರಿಲೇ ಕೂಡ ಹಿಡಿದುಕೊಳ್ಳುವುದು ಕಷ್ಟ. ನೀವು ಕೇಳಬೇಕಾದ್ದು ಪವರ್ ಸೆಲ್, ಒಮ್ಮೆಲೇ ಹೆಚ್ಚು ಕರೆಂಟು ಕೊಡುವಂಥದ್ದು. 26650 ಅಳತೆಯಲ್ಲಿ ಎ123 ಕಂಪನಿಯದು (ಎಎನ್ಆರ್26650ಎಂ1-ಬಿ) ಹೆಸರಾದದ್ದು: 2.5 ಎಎಚ್, 76 ಗ್ರಾಂ ತೂಕ, ಹತ್ತು ಸೆಕೆಂಡಿನ ಮಟ್ಟಿಗೆ 120 ಆಂಪಿಯರ್, ಪ್ರತಿರೋಧ ಸುಮಾರು 6 ಮಿಲಿಓಮ್. ಇಂಥ ಎಂಟು ಸೆಲ್, ಅಂದರೆ ನಾಲ್ಕು ಸೀರೀಸ್, ಎರಡು ಪ್ಯಾರಲಲ್. ಪ್ರತಿ ಜೋಡಿಗೆ 3 ಮಿಲಿಓಮ್, ಒಟ್ಟು 12, ಬೆಸುಗೆ ಮತ್ತು ವೈರಿಗೆ ಇನ್ನೊಂದು 3 ಸೇರಿಸಿ 15. 100 ಆಂಪಿಯರಿಗೆ ಒಂದೂವರೆ ವೋಲ್ಟ್ ಕುಸಿದು 11.7ರಲ್ಲಿ ನಿಲ್ಲುತ್ತದೆ. ಬರೀ 5 ಎಎಚ್, ಸೆಲ್‌ಗಳ ತೂಕ 608 ಗ್ರಾಂ. ನಾಲ್ಕು ಕಿಲೋ ಮೀರುವ ನಿಮ್ಮ 14 ಎಎಚ್ ಸೀಸದ ಬ್ಯಾಟರಿಗಿಂತ ಚೆನ್ನಾಗಿ ಸೆಲ್ಫ್ ತಿರುಗಿಸುತ್ತದೆ.

ಸ್ಪಾಟ್ ವೆಲ್ಡಿಂಗ್ ಸೌಲಭ್ಯ ಇಲ್ಲದವರಿಗೆ ಹೆಡ್‌ವೇ 38120 ಜಾತಿಯ ಸೆಲ್ ಅನುಕೂಲ, ಎರಡೂ ತುದಿಗೆ ಬೋಲ್ಟ್ ಇರುತ್ತದೆ. 8 ಎಎಚ್‌ನ ಎಚ್‌ಪಿ ಮಾದರಿಯನ್ನೇ ತೆಗೆದುಕೊಳ್ಳಿ, ನಾಲ್ಕೇ ಸಾಕು. 2 ಮಿ.ಮೀ. ದಪ್ಪದ ತಾಮ್ರದ ಪಟ್ಟಿಯಿಂದ ಜೋಡಿಸಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ. ಜೋರಾಗಿ ತಿರುವಿದರೆ ಸೆಲ್‌ನ ಒಳಗಿನ ಎಳೆ ತಿರುಚಿಕೊಂಡು ಕಿತ್ತುಬರುತ್ತದೆ, ಕೈ ಹಗುರವಿರಲಿ. ನಿಮ್ಮಂಥವರಿಗೆ ನಾನು ಹೇಳುವುದು ಇದನ್ನೇ.

ಯಾವ ಸೆಲ್ ತಂದರೂ ಎರಡು ಹೆಚ್ಚಿಗೆ ತನ್ನಿ. ಹೊಸ ಹೊದಿಕೆ ತೊಡಿಸಿದ ಹಳೆಯ ಸೆಲ್ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ತೂಗಿ ನೋಡಿ. ನಾಲ್ಕು ತಂತಿಯ ಇಂಟರ್ನಲ್ ರೆಸಿಸ್ಟೆನ್ಸ್ ಮೀಟರಿನಲ್ಲಿ ಅಳೆಯಿರಿ. ಮಾಮೂಲಿ ಮಲ್ಟಿಮೀಟರಿನ ಓಮ್ ಸೆಟ್ಟಿಂಗ್ ಇದಕ್ಕೆ ಆಗುವುದಿಲ್ಲ, ಸೆಲ್‌ಗೆ ಹಾಗೆ ಹಿಡಿಯಲೇಬಾರದು. ಉಳಿದವಕ್ಕಿಂತ ದೂರ ನಿಲ್ಲುವ ಎರಡನ್ನು ಪಕ್ಕಕ್ಕಿಡಿ. ಕೈಗೆ ಬಂದಾಗಲೇ 2 ವೋಲ್ಟಿಗಿಂತ ಕೆಳಗಿರುವ ಸೆಲ್ಲನ್ನು "ಚಾರ್ಜ್ ಮಾಡಿದರೆ ಏಳುತ್ತದೆ" ಅಂತ ಇಟ್ಟುಕೊಳ್ಳಬೇಡಿ. ಅಷ್ಟು ಕೆಳಗೆ ಹೋದಾಗ ಒಳಗಿನ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಒಳಗೇ ಶಾರ್ಟ್ ಮಾಡಬಹುದು.

ಸೋಲ್ಡರಿಂಗ್ ಬಗ್ಗೆ ಕೇಳಿದ್ದೀರಿ. ಸೆಲ್‌ನ ಮೈಮೇಲೆ ನೇರವಾಗಿ ಬೇಡ. ಐರನ್ನಿನ ತುದಿ 350 ಡಿಗ್ರಿ ಇರುತ್ತದೆ. ಒಳಗೆ ಎರಡು ಧ್ರುವಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪೊರೆ ಸುಮಾರು 130 ಡಿಗ್ರಿಗೇ ಕರಗುತ್ತದೆ. ಸೆಲ್‌ನ ಲೋಹ ಶಾಖವನ್ನು ಎಳೆದುಕೊಳ್ಳುವುದರಿಂದ ಬೆಸುಗೆ ಬೇಗ ಹಿಡಿಯುವುದಿಲ್ಲ, ನೀವು ಇನ್ನಷ್ಟು ಹೊತ್ತು ಒತ್ತುತ್ತೀರಿ. ಅವತ್ತು ಏನೂ ಆಗಲಿಕ್ಕಿಲ್ಲ. ಆರು ತಿಂಗಳ ನಂತರ ಆ ಸೆಲ್ ತಾನಾಗಿಯೇ ಇಳಿಯತೊಡಗುತ್ತದೆ. ಸ್ಪಾಟ್ ವೆಲ್ಡಿಂಗ್ ಮಾಡಿಸಿದರೂ 0.15 ಮಿ.ಮೀ. ದಪ್ಪ, 8 ಮಿ.ಮೀ. ಅಗಲದ ಒಂದೇ ನಿಕ್ಕಲ್ ಪಟ್ಟಿ ಸಾಲದು. ಅದು ಐದಾರು ಆಂಪಿಯರಿನ ಸರಕು. ನಿಕ್ಕಲ್ಲಿನ ಕೆಳಗೆ ತಾಮ್ರದ ತೆಳು ತಗಡು ಕೊಟ್ಟು ವೆಲ್ಡ್ ಮಾಡಿಸಿ. ಅಂಗಡಿಯವರು ನಿಕ್ಕಲ್ ಅಂತ ಕೊಡುವುದು ಬಹಳ ಸಲ ನಿಕ್ಕಲ್ ಲೇಪಿಸಿದ ಕಬ್ಬಿಣ. ಗೀರಿ, ಉಪ್ಪುನೀರಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ತುಕ್ಕು ಸತ್ಯ ಹೇಳುತ್ತದೆ. ಹಾಳು ಸೆಲ್ ಒಂದರ ಮೇಲೆ ವೆಲ್ಡ್ ಮಾಡಿಸಿ ಇಕ್ಕಳದಿಂದ ಎಳೆದು ನೋಡಿ: ಪಟ್ಟಿ ಹರಿದು, ವೆಲ್ಡಿನ ಚುಕ್ಕೆಗಳು ಸೆಲ್ ಮೇಲೆಯೇ ಉಳಿದರೆ ವೆಲ್ಡ್ ಗಟ್ಟಿ.

ಜೋಡಿಸುವ ಮುಂಚೆ ಸೆಲ್‌ಗಳನ್ನು ಸಮ ಮಾಡಬೇಕು. ಎಲ್ಲವನ್ನೂ ಪ್ಯಾರಲಲ್ ಕಟ್ಟಿ, ಬೆಂಚ್ ಸಪ್ಲೈಯನ್ನು (ವೋಲ್ಟೇಜ್ ಹೊಂದಿಸಬಹುದಾದ ಕರೆಂಟಿನ ಪೆಟ್ಟಿಗೆ) 3.60 ವೋಲ್ಟಿಗೆ ಇಟ್ಟು, ಕರೆಂಟು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುವವರೆಗೆ ಬಿಡಿ. ಇದಕ್ಕೆ ಒಂದು ರಾತ್ರಿಯೇ ಬೇಕಾಗಬಹುದು, ಆತುರ ಬೇಡ. ಆಮೇಲೆ ಸೀರೀಸ್ ಮಾಡಿ. ಈ ಹಂತದಿಂದ ನಿಮ್ಮ ಕೈಯಲ್ಲಿರುವುದು ವೆಲ್ಡಿಂಗ್ ಮಷೀನಿಗೆ ಸಮ. 13.2 ವೋಲ್ಟನ್ನು 15 ಮಿಲಿಓಮ್‌ನಿಂದ ಭಾಗಿಸಿದರೆ 880 ಆಂಪಿಯರ್. ಸ್ಪ್ಯಾನರ್ ಅಡ್ಡ ಬಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ, ಉಂಗುರವಿದ್ದರೆ ಬೆರಳು ಹೋಗುತ್ತದೆ. ಉಂಗುರ, ಬ್ರೇಸ್ಲೆಟ್ ತೆಗೆದಿಡಿ, ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿ. ಸೆಲ್‌ನ ಮೇಲಿನ ಧ್ರುವಕ್ಕೂ ಹೊರ ತಗಡಿಗೂ ಒಂದೆರಡು ಮಿ.ಮೀ. ಅಂತರ ಅಷ್ಟೆ. ಅಲ್ಲಿ ಕರೆಂಟು ಹರಿಯಗೊಡದ ಬಾರ್ಲಿ ಪೇಪರಿನ ಬಳೆ ಕೂರಿಸದೆ ಪಟ್ಟಿ ಇಡಬೇಡಿ.

ಬಿಎಂಎಸ್ ವಿಷಯದಲ್ಲಿ ಪರಿಣಿತರಲ್ಲೇ ಎರಡು ಮತವಿದೆ. ಪೂರ್ತಿ ಬಿಎಂಎಸ್ ಹಾಕಿದರೆ ಸೆಲ್ಫ್‌ನ ಕರೆಂಟೆಲ್ಲ ಅದರ ಮೂಲಕವೇ ಹರಿಯಬೇಕು. 200 ಆಂಪಿಯರ್ ತಡೆಯುವ ಬೋರ್ಡು ದುಬಾರಿ, ದೊಡ್ಡದು. ಇನ್ನೊಂದು ಅಪಾಯವೂ ಇದೆ. ಗಾಡಿ ಓಡುತ್ತಿರುವಾಗ ಬಿಎಂಎಸ್ ಲೈನ್ ಕಡಿದರೆ ರೆಗ್ಯುಲೇಟರಿಗೆ ಬ್ಯಾಟರಿಯ ಆಸರೆ ತಪ್ಪಿ ವೋಲ್ಟೇಜ್ ಜಿಗಿಯುತ್ತದೆ. ಬಲ್ಬು, ಮೀಟರ್, ಇಂಜೆಕ್ಷನ್ ಗಾಡಿಯಾದರೆ ಇಸಿಯು (ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಹೋಗುವುದು ಆಗಲೇ. ಕಾರ್ಬ್ಯುರೇಟರ್ ಗಾಡಿಯಲ್ಲಿ ಎಲ್ಎಫ್‌ಪಿಗೆ ನನ್ನ ಆಯ್ಕೆ ಬೇರೆ: ನಾಲ್ಕು ಸೆಲ್‌ಗಳನ್ನು ಸಮವಾಗಿಡುವ ಬ್ಯಾಲೆನ್ಸರ್ ಬೋರ್ಡು, ಪ್ರತಿ ಬ್ಯಾಲೆನ್ಸ್ ವೈರಿಗೂ ಸೆಲ್ ಪಕ್ಕದಲ್ಲೇ ಒಂದು ಆಂಪಿಯರಿನ ಫ್ಯೂಸ್, ಜೊತೆಗೆ ಹ್ಯಾಂಡಲ್ ಬಳಿ ಕಾಣುವ ವೋಲ್ಟ್ ಮೀಟರ್. ಇದರಲ್ಲಿ ತಾನಾಗಿ ಕಡಿಯುವ ರಕ್ಷಣೆ ಇರುವುದಿಲ್ಲ. ವೋಲ್ಟ್ ಮೀಟರ್ ನೋಡುವ ಅಭ್ಯಾಸ ನಿಮಗಿಲ್ಲವಾದರೆ, ಅಥವಾ ಗಾಡಿಯನ್ನು ಮನೆಯ ಬೇರೆಯವರೂ ಓಡಿಸುವುದಾದರೆ, ಈ ದಾರಿ ಬೇಡ. ಕಂಪನಿಯ ತಯಾರಿ ಲಿಥಿಯಂ ಬ್ಯಾಟರಿಯನ್ನೇ ಕೊಳ್ಳಿ.

ಅದನ್ನು ಕೊಳ್ಳುವಾಗ ಒಂದು ಎಚ್ಚರ. ಪೆಟ್ಟಿಗೆಯ ಮೇಲಿನ "12 ಎಎಚ್" ಎಷ್ಟೋ ಸಲ ಸೀಸದ ಬ್ಯಾಟರಿಗೆ ಸಮಾನ ಅನ್ನುವ ಲೆಕ್ಕ. ಒಳಗಿನ ನಿಜವಾದ ಸಂಗ್ರಹ ಅದರ ಮೂರನೆಯ ಒಂದು ಭಾಗ ಇರಬಹುದು. ವ್ಯಾಟ್-ಅವರ್ ಎಷ್ಟೆಂದು ಬರೆದಿದ್ದರೆ ಅದನ್ನು 12.8ರಿಂದ ಭಾಗಿಸಿ, ನಿಜವಾದ ಎಎಚ್ ಸಿಗುತ್ತದೆ.

ಪೆಟ್ಟಿಗೆ ಮಾಡುವಾಗ ನಿಮ್ಮ ಇಂಜಿನ್ನಿನ ನಡುಕ ನೆನಪಿರಲಿ. ಸೆಲ್‌ಗಳ ಭಾರ ಪಟ್ಟಿಗಳ ಮೇಲೆ ಬೀಳಬಾರದು, ಪ್ಲಾಸ್ಟಿಕ್ ಹೋಲ್ಡರ್ ಮೇಲೆ ಬೀಳಬೇಕು. ಸುತ್ತ ರಬ್ಬರ್ ಫೋಮ್ ತುಂಬಿ. ಅಂಟಿಗೆ ನ್ಯೂಟ್ರಲ್ ಸಿಲಿಕೋನ್ ಬಳಸಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆಮ್ಲ ಬಿಟ್ಟು ತಾಮ್ರವನ್ನು ತಿನ್ನುತ್ತದೆ. ಹಳೆಯ ಸೀಸದ ಬ್ಯಾಟರಿಯ ಡಬ್ಬಿ ಸರಿಯಾಗಿ ಕೂರುತ್ತದೆಂದು ಕೊಯ್ಯಲು ಹೋಗಬೇಡಿ. ಒಳಗೆ ಗಂಧಕಾಮ್ಲ, ಸೀಸದ ಪುಡಿ. ಮಕ್ಕಳಿರುವ ಅಂಗಳದಲ್ಲಿ ಅದು ಬೀಳಲೇಬಾರದು. ಹೊರಗೆ ಬರುವ ವೈರ್ ಕನಿಷ್ಠ 10 ಚದರ ಮಿ.ಮೀ., ಲಗ್‌ಗಳನ್ನು ಕ್ರಿಂಪ್ ಮಾಡಿಸಿ, ಎರಡೂ ಟರ್ಮಿನಲ್‌ಗೆ ರಬ್ಬರ್ ಟೋಪಿ ಹಾಕಿ. ಸೆಲ್ಫ್ ಲೈನಿಗೆ ಫ್ಯೂಸ್ ಇರುವುದಿಲ್ಲ, ಅಲ್ಲಿ ಆ ರಬ್ಬರ್ ಟೋಪಿಯೇ ನಿಮ್ಮ ರಕ್ಷಣೆ.

"ವೈರಿಂಗ್ ಸುಡುತ್ತದೆ" ಅನ್ನುವ ಮಾತಿಗೆ ಬರೋಣ. ಬ್ಯಾಟರಿ ಎಷ್ಟೇ ಗಟ್ಟಿಯಾದರೂ ಲೈಟು, ಹಾರ್ನು ತಮಗೆ ಬೇಕಾದಷ್ಟನ್ನೇ ಎಳೆಯುತ್ತವೆ, ಅದರಿಂದ ವೈರು ಸುಡುವುದಿಲ್ಲ. ಮಾತಿನಲ್ಲಿ ಸತ್ಯದ ಅಂಶ ಇರುವುದು ಬೇರೆ ಕಡೆ. ಬಹಳ ಇಳಿದ ಲಿಥಿಯಂ ಪ್ಯಾಕ್ ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಂತೆ ನಿಧಾನವಾಗಿ ಕುಡಿಯುವುದಿಲ್ಲ, ಗಾಡಿಯಲ್ಲಿ ಕರೆಂಟು ಹುಟ್ಟಿಸುವ ಸ್ಟೇಟರ್ ಕಾಯಿಲ್ ಕೊಡುವಷ್ಟನ್ನೂ ಎಳೆದುಕೊಳ್ಳುತ್ತದೆ. ಹೀಗೆ ಕಾಯಿಲ್, ರೆಗ್ಯುಲೇಟರ್, ಹಳೆಯ ಕಪ್ಲರ್ ಕಾಯುತ್ತವೆ. ಆದ್ದರಿಂದ ಇಳಿದ ಪ್ಯಾಕನ್ನು ತಳ್ಳಿ ಸ್ಟಾರ್ಟ್ ಮಾಡಿ ಗಾಡಿಯಲ್ಲೇ ಚಾರ್ಜ್ ಮಾಡಬೇಡಿ. ಬಿಚ್ಚಿ, ಯಾವ ಸೆಲ್ಲೂ 2 ವೋಲ್ಟಿಗಿಂತ ಕೆಳಗಿಲ್ಲ ಅಂತ ನೋಡಿಕೊಂಡು, ಹೊರಗೆ ಸಿಮೆಂಟ್ ನೆಲದ ಮೇಲಿಟ್ಟು, ಎಲ್ಎಫ್‌ಪಿ ಚಾರ್ಜರ್‌ನಲ್ಲಿ ಎರಡೂವರೆ ಆಂಪಿಯರಿಗೆ ತುಂಬಿಸಿ. ಸೀಸದ ಬ್ಯಾಟರಿಯ ಚಾರ್ಜರ್‌ಗಳಲ್ಲಿ ಡಿಸಲ್ಫೇಶನ್ ಅನ್ನುವ ಹಂತವಿದ್ದರೆ ವೋಲ್ಟೇಜ್ 15-16ಕ್ಕೆ ಏರುತ್ತದೆ, ಅವನ್ನು ಹತ್ತಿರವೂ ತರಬೇಡಿ.

ಗಾಡಿಗೆ ಕೂರಿಸುವ ಮುಂಚೆ, ಈಗಿರುವ ಬ್ಯಾಟರಿಯಲ್ಲೇ (ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ), ಟರ್ಮಿನಲ್ ಮೇಲೆ ಮಲ್ಟಿಮೀಟರ್ ಹಿಡಿದು ಇಂಜಿನ್ ಏರಿಸಿ ನೋಡಿ. 14.6 ದಾಟಿದರೆ ರೆಗ್ಯುಲೇಟರ್ ಬದಲಿಸದೆ ಲಿಥಿಯಂ ಹಾಕಬೇಡಿ. 13.5 ಕೂಡ ತಲುಪದಿದ್ದರೆ ಕಾಯಿಲ್ ಅಥವಾ ರೆಗ್ಯುಲೇಟರ್ ಸೋತಿದೆ, ಬ್ಯಾಟರಿ ಸಾಯುವುದಕ್ಕೆ ಅದೇ ಕಾರಣವಿರಬಹುದು. ಹೊಸ ಪ್ಯಾಕ್ ಕೂರಿಸಿದ ಮೇಲೆ ನಿಮ್ಮ ಇಂಜಿನ್ನಿನ ಎರಡೂ ಸ್ಪಾರ್ಕ್ ಪ್ಲಗ್ಗುಗಳ ಕ್ಯಾಪ್ ತೆಗೆದು, ಒಂದೊಂದು ಕ್ಯಾಪಿಗೂ ಬೇರೊಂದು ಪ್ಲಗ್ ಸಿಕ್ಕಿಸಿ, ಅವನ್ನು ಇಂಜಿನ್ ಮೈಗೆ ಅರ್ಥ್ ಮಾಡಿ, ಪೆಟ್ರೋಲ್ ವಾಸನೆಯಿಂದ ದೂರವಿಟ್ಟು, ಐದು ಸೆಕೆಂಡು ಸೆಲ್ಫ್ ಹೊಡೆಯಿರಿ. 10.5 ವೋಲ್ಟಿಗಿಂತ ಕೆಳಗಿಳಿಯಬಾರದು. ಬ್ಯಾಲೆನ್ಸ್ ವೈರುಗಳಲ್ಲಿ ನಾಲ್ಕೂ ಸೆಲ್ ಗುಂಪನ್ನು ಒಂದೊಂದಾಗಿ ನೋಡಿ. ಯಾವುದೋ ಒಂದು ಉಳಿದವಕ್ಕಿಂತ 0.1 ವೋಲ್ಟ್ ಹೆಚ್ಚು ಕುಸಿದರೆ ಅಲ್ಲಿ ಸೆಲ್ ಸೋತಿದೆ ಅಥವಾ ಜೋಡಣೆ ಸಡಿಲ. ಆಮೇಲೆ ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ. ಬಿಸಿಯಾದದ್ದೇ ತಪ್ಪಿತಸ್ಥ.

ಸೆಲ್‌ಗಳು ಸಮವಾಗಿವೆಯೇ ಎಂದು ಗಾಡಿ ನಿಂತಿದ್ದಾಗ ಅಳೆದರೆ ಮೋಸಹೋಗುತ್ತೀರಿ. ಎಲ್ಎಫ್‌ಪಿ ಅರ್ಧ ತುಂಬಿದ್ದರೂ, ಮುಕ್ಕಾಲು ತುಂಬಿದ್ದರೂ ಸುಮಾರು 3.3 ವೋಲ್ಟೇ ತೋರಿಸುತ್ತದೆ. ವ್ಯತ್ಯಾಸ ಕಾಣುವುದು ಚಾರ್ಜಿನ ಕೊನೆಯಲ್ಲಿ, 14.4ರ ಹತ್ತಿರ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಅಲ್ಲಿ ಅಳೆಯಿರಿ.

ಈಗ ಆ ಕೇಳದ ಪ್ರಶ್ನೆ. ನಿಮ್ಮ ಜಿಪಿಎಸ್ ಟ್ರ್ಯಾಕರ್ ಹಗಲೂ ರಾತ್ರಿ ಬ್ಯಾಟರಿ ಕುಡಿಯುತ್ತಿದೆ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸೆಟ್ಟಿಂಗ್‌ನಲ್ಲಿ ಕೂರಿಸಿ ನೋಡಿ. ಮೀಟರ್ ಹಾಗೆ ಕೂತಿರುವಾಗ ಸೆಲ್ಫ್ ಒತ್ತಬೇಡಿ. 25 ಮಿಲಿಆಂಪಿಯರ್ ಬಂದರೆ ದಿನಕ್ಕೆ 0.6 ಎಎಚ್. ಹತ್ತು ದಿನ ಗಾಡಿ ನಿಂತರೆ 6 ಎಎಚ್, ನಿಮ್ಮ 14ರಲ್ಲಿ ಹೆಚ್ಚುಕಡಿಮೆ ಅರ್ಧ. ಸೀಸದ ಬ್ಯಾಟರಿ ಹೀಗೆ ಪದೇ ಪದೇ ಅರ್ಧಕ್ಕಿಳಿದು ನಿಂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಒಂದೂವರೆ ವರ್ಷಕ್ಕೆ ಸಾಯುವುದು ಆಶ್ಚರ್ಯವಲ್ಲ. ಅದೇ ಟ್ರ್ಯಾಕರ್ 5 ಎಎಚ್ ಲಿಥಿಯಂ ಪ್ಯಾಕನ್ನು ಎಂಟೇ ದಿನಕ್ಕೆ ತಳ ಮುಟ್ಟಿಸುತ್ತದೆ, ಸೆಲ್ 2 ವೋಲ್ಟಿಗಿಂತ ಕೆಳಗಿಳಿದರೆ ಆ ಪ್ಯಾಕನ್ನು ಮತ್ತೆ ಬಳಸುವಂತಿಲ್ಲ. ಹಾಗಾಗಿ ನಿಮ್ಮ ಗಾಡಿಗೆ ನನ್ನ ಸಲಹೆ ಇದು: ಒಳಗೇ ಸ್ವಂತ ಬ್ಯಾಟರಿ ಇರುವ ಟ್ರ್ಯಾಕರ್ ಹಾಕಿಸಿ, ಅದರ ಚಾರ್ಜಿಂಗ್ ಲೈನನ್ನು ಕೀಲಿಯ ನಂತರದ ವೈರಿಗೆ ಕೊಡಿಸಿ. ಒಂದು ಹೊಸ ಸೀಸದ ಬ್ಯಾಟರಿ ಹಾಕಿ ಮೂರು ತಿಂಗಳು ನೋಡಿ. ಸೆಲ್, ವೆಲ್ಡಿಂಗ್, ಬ್ಯಾಲೆನ್ಸರ್, ಚಾರ್ಜರ್ ಎಲ್ಲ ಸೇರಿದರೆ ಮನೆಯಲ್ಲಿ ಕಟ್ಟಿದ್ದು ಅದಕ್ಕಿಂತ ಅಗ್ಗವಾಗುವುದಿಲ್ಲ. ತೂಕ ಇಳಿಸುವ ಆಸೆಗೋ, ಕಲಿಯುವ ಆಸೆಗೋ ಕಟ್ಟುವುದಾದರೆ ಸಂತೋಷ, ಮೇಲೆ ಹೇಳಿದ ಹಾಗೆ ಕಟ್ಟಿ.

ಕಟ್ಟಿದರೆ ಮೊದಲ ಕೆಲವು ವಾರ ಗಾಡಿಯನ್ನು ಜಗಲಿಯಿಂದ ದೂರ, ಬಯಲಲ್ಲಿ ನಿಲ್ಲಿಸಿ. ಸೆಲ್ ಉಬ್ಬಿದರೆ, ನೇಲ್ ಪಾಲಿಶ್ ತರಹದ ಸಿಹಿ ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡಬೇಡಿ. ಹೊಗೆ ಬಂದರೆ ಗಾಳಿಗೆ ಬೆನ್ನು ಮಾಡಿ ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ಮರಳು ಮುಚ್ಚಿದರೆ ಶಾಖ ಒಳಗೇ ಉಳಿಯುತ್ತದೆ. ಲ್ಯಾಪ್‌ಟಾಪಿನ ಆ 24 ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂಗೂ ಅನ್ವಯಿಸುತ್ತವೆ, ಕಸದ ಗಾಡಿಗೆ ಹಾಕುವಂತಿಲ್ಲ. ಹಳೆಯ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಒಯ್ಯಿರಿ, ಅದರ ಸೀಸಕ್ಕೆ ಬೆಲೆ ಕಟ್ಟಿ ಬಿಲ್ಲಿನಲ್ಲಿ ಕಳೆಯುತ್ತಾರೆ.